ನೀವು ಕೇಳದೇ ಹೋದ ಸಿಡಿ

ಉಸ್ತಾದ್ರೇ,

ನಿಮ್ಮ ಮಲ್ಲೇಶಿ ಬರೀತಿದೀನಿ, ಎಣ್ಣೆ ಅಂಗಡಿ ಮಲ್ಲೇಶಿ. ನೀವು ಹೋಗಿ ಎಂಟು ತಿಂಗಳಾತು. ಚಳ್ಳಕೆರೆಯಲ್ಲಿ ನಿಮ್ಮ ರೇಡಿಯೋ ರಿಪೇರಿ ಅಂಗಡಿಗೆ ಬೇರೆಯೋರು ಬಂದು ಮೊಬೈಲ್ ಕವರ್ ಮಾರ್ತಿದಾರೆ. ಶುಕ್ರವಾರ ನಮಾಜ್ ಮುಗಿಯೋ ಹೊತ್ತಿಗೆ ನನ್ನ ಕಾಲು ಈಗ್ಲೂ ಆ ಕಡೆಗೇ ತಿರುಗ್ತಾವೆ. ಹೋಗಿ ಯಾರ ಹತ್ರ ಕೂತ್ಕೊಳ್ಳಲಿ?

ಮೊದಲ ಸಿಡಿ ನೆನಪೈತಾ? ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ರು ರಿಪೇರಿಗೆ ಕೊಟ್ಟ ಪ್ಲೇಯರ್ ಒಳಗೇ ಸಿಕ್ಕೊಂಡಿತ್ತು. ಪೋರ್ಚುಗಲ್ಲಿನ ಹೆಂಗಸೊಬ್ಬಳ ಹಾಡು. ಒಂದಕ್ಷರ ತಿಳೀಲಿಲ್ಲ, ಆದ್ರೂ ನೀವು ಕೈಲಿದ್ದ ಕೆಲಸ ಕೆಳಗಿಟ್ಟು ಕಣ್ಣೊರೆಸ್ಕೊಂಡ್ರಿ. ಅವತ್ತಿಂದ ಹತ್ತಿತು ನೋಡ್ರಿ ಹುಚ್ಚು. ಟರ್ಕಿ, ಐರ್ಲೆಂಡ್, ಇಥಿಯೋಪಿಯಾ, ಒಂದೊಂದೇ ಅಂಚೆಯಲ್ಲಿ ತರಿಸಿದ್ವಿ. ನಮ್ಮಿಬ್ರ ನಡುವೆ ಮಾತು ಒಂದೇ: ಹೊಸದು ಬಂದ್ರೆ ಇಬ್ರೂ ಕೂತೇ ಬಿಚ್ಚಬೇಕು.

ಮಂಗೋಲಿಯಾದ್ದು ಹಾಕಿದ ದಿನ... ಗೊರ್ ಅಂತ ಸದ್ದು. "ಲೇ ಮಲ್ಲೇಶಿ, ಸ್ಪೀಕರ್ ಹರಿದೈತೆ" ಅಂತ ಡಬ್ಬಿ ಬಿಚ್ಚಿದ್ರಿ. ಹೊಸ ಸ್ಪೀಕರ್ ಹಾಕಿದ್ರೂ ಅದೇ ಗೊರ್. ಸಂಜೆಗೆ ನಾನು ಸಿಡಿ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದೆ. ಅಲ್ಲಿಯೋರು ಹಾಡೋದೇ ಹಂಗಂತೆ, ಒಂದೇ ಗಂಟಲಲ್ಲಿ ಎರಡು ದನಿ. "ಯಾ ಅಲ್ಲಾ, ಅವನ ಗಂಟಲು ರಿಪೇರಿ ಮಾಡೋಕೆ ಹೋಗಿದ್ನಲ್ಲೋ!" ಅಂತ ಬಿದ್ದು ಬಿದ್ದು ನಕ್ಕಿರಿ. ಹಂಗೆ ನಕ್ಕು ಎಷ್ಟು ದಿನ ಆತೋ ನಾನು.

ಈಗ ಹೇಳಬೇಕಾದ್ದು ಹೇಳ್ತೀನಿ, ಬೈಕೊಳ್ರಿ. ನೀವು ದುರ್ಗದ ಆಸ್ಪತ್ರೆ ಸೇರಿದ ಮೂರನೇ ದಿನ ಮಾಲಿ ದೇಶದ್ದು ಬಂತು. ತಡ್ಕೊಳ್ಳೋಕಾಗ್ಲಿಲ್ಲ ಉಸ್ತಾದ್ರೇ, ಒಬ್ನೇ ಬಿಚ್ಚಿ ಪೂರ್ತಿ ಕೇಳಿಬಿಟ್ಟೆ. ಮಾರನೇ ದಿನ ಮೂಗಿಗೆ ನಳಿಕೆ ಹಾಕ್ಕೊಂಡೇ ಕೇಳಿದ್ರಿ, "ಬಿಚ್ಚಿಲ್ಲ ತಾನೆ?" ಅಂತ. "ಇಲ್ರಿ" ಅಂದೆ. "ಹೆಂಗಿರಬಹುದು ಲೇ?" ಅಂದ್ರಿ. "ಯಾರಿಗ್ಗೊತ್ರಿ" ಅಂದೆ. ಹಾಡು ನನ್ನ ಬಾಯಲ್ಲೇ ಇತ್ತು, ಒಂದ್ಸಲ ಗುನುಗಿದ್ರೆ ಸಾಕಿತ್ತು. ಸುಳ್ಳು ಗೊತ್ತಾಗಿಬಿಡುತ್ತೆ ಅಂತ ಸುಮ್ನೆ ಕಿತ್ತಳೆ ಸುಲೀತಾ ಕೂತೆ. ನನ್ನಂಥ ಪಾಪಿ ಇದಾನಾ? ಎರಡೇ ದಿನಕ್ಕೆ ನೀವು...

ಹಿಂಗೈತೆ, ಕೇಳ್ರಿ. ಗಿಟಾರು, ಹೆಂಗಸ್ರ ಚಪ್ಪಾಳೆ, ನಡುನಡುವೆ ನನ್ನಿವಾಳದ ಬಯಲಲ್ಲಿ ಕುರಿ ಕಾಯೋರು ದೂರದಿಂದ ಕರೆದಂಗೆ ಒಂದು ಕೂಗು. ಐದನೇ ಹಾಡಲ್ಲಿ ಒಬ್ಬ ಮುದುಕ ಹಾಡ್ತಾ ಹಾಡ್ತಾ ಕೆಮ್ಮಿಬಿಡ್ತಾನೆ. ಅದನ್ನ ಕತ್ತರಿಸಿಲ್ಲ, ಹಂಗೇ ಬಿಟ್ಟಿದಾರೆ. ಕೆಮ್ಮು ನಿಲ್ಲೋವರೆಗೂ ಗಿಟಾರಿನವನು ಕಾಯ್ತಾನೆ. ಆಮೇಲೆ ಇಬ್ರೂ ನಕ್ಕು, ಮತ್ತೆ ಮೊದ್ಲಿಂದ ಶುರು ಮಾಡ್ತಾರೆ.