ಬೋಳ ಕಾರಿನ ಎಡಗಡೆ ಕಮಾನು

ಬಳ್ಳಾರಿ
12-1-2025

ಯಂಕಮ್ಮ ಅಕ್ಕನಿಗೆ ತಮ್ಮ ಹುಲುಗಪ್ಪನ ನಮಸ್ಕಾರ.

ಎಳ್ಳಮಾಸೆ ಮುಗಿಯಿತು, ಸಂಕ್ರಾಂತಿ ಬಾಗಿಲಿಗೆ ಬಂತು, ತಮ್ಮನದೊಂದು ಸುದ್ದಿಯಿಲ್ಲ ಎಂದು ಬೈದುಕೊಂಡಿರುತ್ತೀ. ಬೈದುಕೋ. ನಾನೇನು ಆರಾಮಾಗಿ ಕೂತಿರಲಿಲ್ಲ. ಫೋನು ಮಾಡೋಣವೆಂದರೆ ನಿನಗೆ ಕೇಳಿಸಲೆಂದು ನಾನು ಕೂಗಬೇಕು, ನಾನು ಕೂಗಿದರೆ ಪಕ್ಕದ ಮನೆಯವರು ಜಗಳ ಬಿಡಿಸಲು ಬರುತ್ತಾರೆ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನ ಅಕ್ಷರ, ತಪ್ಪಿದ್ದರೆ ನಿನ್ನ ಮೊಮ್ಮಗಳ ಕೈಲಿ ತಿದ್ದಿಸಿಕೊಂಡು ಓದು. ನಾವು ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿದ್ದೇವೆ. ಮಂಜಮ್ಮ ನನಗೆ ಚಹಾದಲ್ಲಿ ಸಕ್ಕರೆ ಹಾಕುವುದನ್ನು ನಿಲ್ಲಿಸಿದ್ದಾಳೆ, ಅದೊಂದೇ ಕಷ್ಟ.

ಈಗ ಸುದ್ದಿ ಕೇಳು. ಬೋಳ ಕಾರು ಸಿಕ್ಕಿದೆ.

ಹೌದು, ಅದೇ, ನಾವೆಲ್ಲ ಹರೆಯದಲ್ಲಿದ್ದಾಗಿನದು. ನನ್ನ ಗೆಳೆಯ ವೆಂಕಟೇಶ ಅವರಪ್ಪನ ಹಳೆ ಡಾಡ್ಜ್ ಕಾರಿನ ಬಾನೆಟ್ಟು ಕಿತ್ತು, ಮಡ್‌ಗಾರ್ಡು ಕತ್ತರಿಸಿ, ಲಾರಿ ಇಂಜಿನ್ ಕೂರಿಸಿದ್ದನಲ್ಲ, ಅದೇ ಕಾರು. ಮದ್ರಾಸಿನ ಕಡೆ ನೇರ ರಸ್ತೆಯ ಮೇಲೆ ಎರಡು ಕಾರು ಪಕ್ಕಪಕ್ಕ ನಿಲ್ಲಿಸಿ, ಒಂದೇ ಉಸಿರಿನಲ್ಲಿ ಯಾರು ಮುಂದೆ ಎಂದು ನೋಡುವ ಪಂದ್ಯ ಕಂಡು ಬಂದಿದ್ದ ಅವನು. ಡ್ರ್ಯಾಗ್ ರೇಸ್ ಎನ್ನುತ್ತಿದ್ದ. ಅದರ ಹುಚ್ಚನ್ನು ನನಗೂ ಹತ್ತಿಸಿದ. ಹಿಂದಿನ ಗಾಲಿಗಳಿಗೆ ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಸ್ಪ್ರಿಂಗಿನ ಕಮಾನು ಮಾಡಿಸಿಕೊಳ್ಳಲು ಕುರುಗೋಡಿನ ನಮ್ಮ ಕುಲುಮೆಗೇ ಬಂದಿದ್ದ. ನೀನು ಎಡಗೈಯಲ್ಲಿ ಸಮ್ಮಟಿ ಎತ್ತಿ ಹೊಡೆಯುವುದನ್ನು ನೋಡಿ, "ಏ ಹುಲುಗ್ಯಾ, ನಿಮ್ಮಕ್ಕನ್ನ ನೋಡಿದ್ರ ನನಗೆ ಅಂಜಿಕಿ ಆಗ್ತದಲೇ," ಎಂದಿದ್ದ. ನೀನು ತಿರುಗಿ, "ಅಂಜೋರು ದೂರ ನಿಂದರ್ರಿ, ಕಿಡಿ ಹಾರ್ತಾವು," ಎಂದಿದ್ದೆ. ಆ ಕುಲುಮೆಯ ಬೂದಿಯ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬರುತ್ತದೆ ಅಕ್ಕಾ. ಆಗ ಮಾತು ನಿಲ್ಲಿಸಿ ಕೂತುಬಿಡುತ್ತೇನೆ. ಮಂಜಮ್ಮ ಬಿಪಿ ಮಾತ್ರೆ ತಂದುಕೊಡುತ್ತಾಳೆ.

ಹೋದ ತಿಂಗಳು ವೆಂಕಟೇಶನ ಮಗಳು ಶ್ರೀವಲ್ಲಿ ಬಂದಳು. ಇಲ್ಲೇ ಬಳ್ಳಾರಿಯಲ್ಲಿ ವಕೀಲಿ ಮಾಡುತ್ತಾಳೆ. ಹಿಂದೆ ಒಂದು ಲಗೇಜ್ ಆಟೋ ತುಂಬ ತುಕ್ಕು ಹಿಡಿದ ಕಬ್ಬಿಣ. ಆಟೋದ ಮುಂದಿನ ಸೀಟಿನಲ್ಲಿ ಕೋಲು ಹಿಡಿದುಕೊಂಡು ವೆಂಕಟೇಶ.

"ಕಾಕಾ, ಕುರುಗೋಡಿನಾಗ ಒಂದು ಮುಚ್ಚಿದ ಗಿರಣಿ ಹಿಂದ ಕಾರು ಸಿಕ್ತು. ಕಮಾನು ಮಾತ್ರ ಯಾರೋ ಬಿಚ್ಚಿ ಗುಡ್ಡೆ ಹಾಕ್ಯಾರ. ಜೀಪಿನವು, ಟ್ರಾಲಿವು ಎಲ್ಲಾ ಕೂಡ್ಯಾವ. ನಮ್ಮವು ಯಾವು ಅಂತ ನೀವೇ ಹೇಳ್ಬೇಕು. ಅಪ್ಪ ಅದರಾಗ ಒಮ್ಮೆ ಕೂಡ್ಬೇಕಂತಾರ," ಎಂದಳು.

ಅಂಗಳದಲ್ಲಿ ಹರವಿಸಿದೆ. ಟ್ರಾಲಿಯ ಪಟ್ಟಿ ದಪ್ಪ, ಜೀಪಿನದು ಕಿರಿದು, ಅವನ್ನು ಕಾಲಿನಿಂದಲೇ ಆ ಕಡೆ ನೂಕಿದೆ. ಕೊನೆಗೆ ಒಂದು ಜೋಡಿ ಉಳಿಯಿತು. ಲಾರಿ ಪಟ್ಟಿಯನ್ನೇ ಕಾಯಿಸಿ ಸಣ್ಣದು ಮಾಡಿದ್ದು. ತುದಿಯನ್ನು ಚಾಣದಿಂದ ಕಡಿದು ನಾಲಿಗೆಯ ಹಾಗೆ ದುಂಡಗೆ ಮಾಡಿದ್ದು. ಬೋಲ್ಟು ಕೂರುವ ಕಿವಿಯನ್ನು ಎರಡು ಸುತ್ತು ಸುತ್ತಿದ್ದು. ಎಲ್ಲಾ ನನ್ನ ಕೈಕೆಲಸದ ಹಾಗೆಯೇ ಇತ್ತು. ಎಡ ಬಲ ಎರಡನ್ನೂ ಪಕ್ಕದಲ್ಲಿಟ್ಟು ಪಟ್ಟಿ ಎಣಿಸಿದೆ. ಎರಡೂ ಸಮ.

"ಇವಲ್ಲ. ಎತ್ಕೊಂಡು ನಡೀರಿ," ಎಂದೆ.

ವೆಂಕಟೇಶ ಆಟೋದಿಂದಲೇ ಕೋಲು ಬೀಸಿದ. "ಲೇ, ಕಣ್ಣು ಹೋಗ್ಯಾವೇನು ನಿನಗ? ಕಿವಿ ನೋಡಲೇ ಕಿವಿ! ಹಂಗ ಎರಡು ಸುತ್ತು ಸುತ್ತೋ ಹುಚ್ಚ ಈ ಜಿಲ್ಲಾದಾಗ ಇನ್ನೊಬ್ಬ ಯಾವನಿದ್ದಾನ?"

"ಇವು ಸಮ ಅದಾವು. ನಾ ಬಲಕ್ಕ ಒಂದು ಹೆಚ್ಚು ಹಾಕಿದ್ದೆ. ನನ್ನ ಕೆಲಸ ನನಗ ಹೇಳಿಕೊಡಾಕ ಬರಬ್ಯಾಡ. ನಿನ್ನ ಕಿವಿ ಹಿಂಡ್ತೀನಿ ನೋಡು."

ಅವರು ಕಬ್ಬಿಣ ಅಲ್ಲೇ ಬಿಟ್ಟು ಹೋದರು. ಆ ಹುಡುಗಿಯ ಮುಖ ಸಣ್ಣದಾಗಿತ್ತು.

ಬಲಕ್ಕೆ ಒಂದು ಹೆಚ್ಚು ಯಾಕೆ ಎಂಬುದು ನಿನಗೂ ಹೊಸದು, ಯಾಕೆಂದರೆ ಆಗ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ನಿಂತ ಕಾರಿನ ಎಕ್ಸಿಲೇಟರ್ ಒಮ್ಮೆಲೆ ತುಳಿದರೆ ದೊಡ್ಡ ಇಂಜಿನ್ನು ಗಾಡಿಯನ್ನು ಒಂದು ಕಡೆಗೆ ತಿರುಚುತ್ತದೆ. ಹಿಂದಿನ ಬಲಗಾಲಿ ನೆಲ ಬಿಟ್ಟು ಹಗುರಾಗುತ್ತದೆ, ಎಡಗಾಲಿ ಮಾತ್ರ ನೆಲ ಕಚ್ಚುತ್ತದೆ. ಆಗ ಕಾರು ಬಲಕ್ಕೆ ಎಳೆಯುತ್ತದೆ. ಎಷ್ಟೋ ಸಲ ಓಡಿಸಿ, ನೆಲದ ಮೇಲಿನ ಟೈರಿನ ಗೆರೆ ನೋಡಿ ನಾನು ಇದನ್ನು ಹಿಡಿದಿದ್ದೆ. ಅದಕ್ಕೇ ಬಲಗಡೆಯ ಕಮಾನಿಗೆ ಒಂದು ಪಟ್ಟಿ ಜಾಸ್ತಿ, ಆ ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯಲಿ ಎಂದು. ಲಾರಿ ಕೆಲಸದವರಿಗೆ ಹೇಳಿದರೆ ನಗುತ್ತಿದ್ದರು. ನಮ್ಮಲ್ಲಿ ಎಡ ಬಲ ಸಮ ಇಲ್ಲದ ಕಮಾನನ್ನು ಅಪ್ಪ ಕುಲುಮೆಯಿಂದ ಆಚೆಗೇ ಬಿಡುತ್ತಿರಲಿಲ್ಲವಲ್ಲ.

ಎರಡು ದಿನ ಆ ಕಬ್ಬಿಣ ಅಂಗಳದಲ್ಲಿ ಬಿದ್ದಿತ್ತು. ಮಂಜಮ್ಮ ಎಡವಿದಳು. "ನಿಮ್ಮವಲ್ಲಂದ್ರ ಎತ್ತಿ ಒಗೀರಿ. ನಿಮ್ಮವಾಗಿದ್ರ ಒಳಗಿಡ್ರಿ. ನಡುವ ಬಿಟ್ಟು ನನ್ನ ಕಾಲು ಯಾಕ ಮುರೀತೀರಿ?" ಎಂದಳು. ಸಿಟ್ಟಿನಿಂದ ಸ್ಪ್ಯಾನರ್ ತಂದು ನಡುವಿನ ಬೋಲ್ಟು ಬಿಚ್ಚಿದೆ, ಪಟ್ಟಿಗಳನ್ನು ಬೇರೆ ಮಾಡಿ ಗುಜರಿಗೆ ಹಾಕೋಣವೆಂದು.

ಬಲಗಡೆಯವು ಎಲ್ಲಾ ನನ್ನವೇ. ಎಡಗಡೆಯವೂ ನನ್ನವೇ, ತಳದ ಒಂದನ್ನು ಬಿಟ್ಟು. ಆ ಒಂದರ ತುಕ್ಕು ಉಜ್ಜಿದೆ. ಸಮ್ಮಟಿಯ ಗುರುತು ಎಲ್ಲಾ ಆ ಕಡೆಗೆ ವಾಲಿತ್ತು. ನನ್ನ ಏಟು ಈ ಕಡೆಗೆ ವಾಲುತ್ತದೆ, ಅಪ್ಪನದೂ ಹಾಗೆಯೇ. ಆ ಕುಲುಮೆಯಲ್ಲಿ ಎಡಚಿ ಒಬ್ಬಳೇ ಇದ್ದಳು.

ಅಲ್ಲೇ ನೆಲದ ಮೇಲೆ ಕೂತೆ ಅಕ್ಕಾ. ರೇಸಿನ ಹಿಂದಿನ ಸಂಜೆ ನಾನು ಟೈರು ತರಲು ಬಳ್ಳಾರಿಗೆ ಹೋಗಿದ್ದೆ. ಕಾರು ಕುಲುಮೆಯ ಮುಂದೆ ನಿಂತಿತ್ತು. ನೀನು ಕಮಾನು ಎಣಿಸಿರುತ್ತೀ. ನಮ್ಮ ಹುಲುಗ ಅವಸರದಾಗ ಎಡಕ್ಕ ಒಂದು ಮರ್ತಾನ, ನಾಳೆ ಮಂದಿ ಮುಂದ ನಗಿಗೇಡಾಗ್ತಾನ ಎಂದುಕೊಂಡಿರುತ್ತೀ. ನಾನು ಬರುವುದರೊಳಗೆ ಒಬ್ಬಳೇ ಕಾಯಿಸಿ, ಬಡಿದು, ಬಾಗಿಸಿ, ಜ್ಯಾಕ್ ಏರಿಸಿ ಕೂರಿಸಿದ್ದೀ. ಎಷ್ಟು ಚೆಂದ ಕೂರಿಸಿದ್ದೀ ಎಂದರೆ, ಬೆಳಿಗ್ಗೆ ನನಗೇ ಗೊತ್ತಾಗಲಿಲ್ಲ.

ಬೆಳಿಗ್ಗೆ ಏನಾಯಿತೆಂದು ನಿನಗೆ ಗೊತ್ತು. ಸಿರುಗುಪ್ಪ ದಾರಿಯಲ್ಲಿ ಬಸ್ಸು ಓಡಾಡುವ ಮೊದಲೇ ನಿಂತಿದ್ದೆವು, ಎದುರಿಗೆ ಆದವಾನಿಯವರ ಕಾರು. ಶುರು ಮಾಡಿ ಎಂದು ಟವೆಲ್ಲು ಕೆಳಗೆ ಬಿತ್ತು. ಬೋಳ ಕಾರು ಒಂದು ಕ್ಷಣ ಮುಂದೆ ಹಾರಿತು, ಆಮೇಲೆ ಬಲಕ್ಕೆ ತಿರುಗಿ ನೇರ ಜೋಳದ ಹೊಲದೊಳಗೆ ಹೋಯಿತು. ವೆಂಕಟೇಶನ ಹೆಗಲ ಮೂಳೆ ಮುರಿಯಿತು. "ಏಂ ರಾ, ಬಂಡಿ ಪೊಲಂ ದುನ್ನಡಾನಿಕಿ ಪೋಯಿಂದಾ?" ಎಂದು ಆದವಾನಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಲ ಉಳುವುದಕ್ಕೆ ಹೋಯಿತೇ ಎಂದು. ಕುಲುಮೆಗೆ ಬಂದು ನಾನೇ ಬಾಯಿಬಿಟ್ಟೆ, ಬಲಕ್ಕೆ ಒಂದು ಹೆಚ್ಚು ಹಾಕಿದ್ದೆ ಎಂದು. ಅಪ್ಪ ಹಾರಿಬಿದ್ದ. "ಎರಡೂ ಕಡಿ ಸಮ ಹಾಕಾಕ ಬರಂಗಿಲ್ಲ, ಕಮಾನು ಮಾಡ್ತಾನಂತ ಕಮಾನು! ಒಬ್ಬನ ಜೀವ ತಗೀತಿದ್ದೆಲ್ಲೋ ಖೋಡಿ!"

ನಾನೂ ಅದನ್ನೇ ನಂಬಿದೆ. ಆ ಹೆಚ್ಚಿನ ಪಟ್ಟಿಯೇ ಕಾರನ್ನು ಹೊಲಕ್ಕೆ ಎಳೆಯಿತು ಎಂದುಕೊಂಡೆ. ಆಮೇಲೆ ಬರೀ ಲಾರಿ ಕಮಾನು, ಎಡ ಬಲ ಸಮ. ನನ್ನ ತಲೆಯಿಂದ ಹೊಸದೇನನ್ನೂ ಮಾಡಲು ಕೈ ಬರಲಿಲ್ಲ. ಈಗ ನೋಡಿದರೆ ನನ್ನ ಲೆಕ್ಕ ಆವತ್ತು ಓಡಲೇ ಇಲ್ಲ. ಓಡಿದ್ದು ಸಮ ಇರುವ ಕಮಾನು. ಸಮ ಇದ್ದದ್ದಕ್ಕೇ ಬಲಕ್ಕೆ ಎಳೆದಿದೆ, ನಾನು ಹೇಳಿದ ಹಾಗೆಯೇ.

ವೆಂಕಟೇಶನ ಮನೆಗೆ ಹೋಗಿ ಹೇಳಿದೆ. ಮೊದಲು ನಕ್ಕ. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿಟ್ಟ. "ಹಂಗಾದ್ರ ನಾ ಸ್ಟೇರಿಂಗ್ ತಪ್ಪು ಹಿಡಿದಿದ್ದಲ್ಲೇನಲೇ?" ಎಂದ. ಅವನೂ ಒಳಗೇ ಒಂದನ್ನು ಇಟ್ಟುಕೊಂಡಿದ್ದ, ನನಗೆ ಹೇಳಿರಲಿಲ್ಲ. ಶ್ರೀವಲ್ಲಿ ಒಳಗಿನಿಂದ ಮೈಸೂರುಪಾಕು ತಂದಳು, ನಾನು ಮಂಜಮ್ಮನಿಗೆ ಹೇಳದೆ ಎರಡು ತಿಂದೆ.

ಈಗ ಇಂಜಿನ್ ಕೆಲಸ ಮುಗಿಯುತ್ತ ಬಂದಿದೆ. ರೂಪನಗುಡಿ ಹತ್ತಿರ ಅವರ ಪರಿಚಯದವರ ಹೊಲದಲ್ಲಿ ಉದ್ದನೆಯ ಸ್ವಂತ ರಸ್ತೆ ಇದೆಯಂತೆ. ಅಲ್ಲಿ ಒಮ್ಮೆ ನೇರ ಓಡಿಸಿ ನೋಡುವುದು. ಶ್ರೀವಲ್ಲಿ ಓಡಿಸುತ್ತಾಳೆ, ಅವರಪ್ಪ ಪಕ್ಕದಲ್ಲಿ. "ಆ ಎಡಗಡಿ ಪಟ್ಟಿ ತಗದು ಒಗಿ, ನಿಂದು ಹೆಂಗಿತ್ತೋ ಹಂಗ ಓಡಿಸೋಣು," ಎನ್ನುತ್ತಾನೆ ವೆಂಕಟೇಶ.

ತೆಗೆಯುವುದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಕಮಾನನ್ನು ತಿರುಗಿ ಕಟ್ಟಿ ಕಾರಿಗೆ ಹಾಕಿದ್ದೇನೆ, ನಿನ್ನ ಪಟ್ಟಿ ಅಲ್ಲೇ ಇದೆ. ಸ್ಪ್ಯಾನರ್ ಹಿಡಿದು ಮೂರು ಸಲ ಕಾರಿನ ಕೆಳಗೆ ಮಲಗಿ ಎದ್ದು ಬಂದೆ. ನೀನು ಹಾಕಿದ್ದನ್ನು ನಾನು ತೆಗೆಯುವುದಿಲ್ಲ. ನೀನು ಬಂದು ತೆಗೆ. ನೀನು ಬರುವವರೆಗೂ ಕಾರು ಓಡುವುದಿಲ್ಲ ಎಂದು ಅವರಿಗೆ ಹೇಳಿಬಿಟ್ಟಿದ್ದೇನೆ. ಆ ಮುದುಕ ದಿನಾ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದಾನೆ.

ನಿಮ್ಮೂರು ಕರೂರಿನಿಂದ ಸಿರುಗುಪ್ಪಕ್ಕೆ ಬಸ್ಸು ಹತ್ತು, ಅಲ್ಲಿ ಬಳ್ಳಾರಿ ಬಸ್ಸಿಗೆ ಮೊಮ್ಮಗಳು ಕೂರಿಸಲಿ. ಇಲ್ಲಿ ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ. ಆ ಹುಡುಗಿಗೆ ನನ್ನ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ, ನನ್ನ ಹಾಗೆ ಆಗುವುದು ಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಮ್ಮ,
ಹುಲುಗಪ್ಪ

ತಾ.ಕ.: ಇದನ್ನು ಮೊಮ್ಮಗಳ ಕೈಲಿ ಓದಿಸಬೇಡ, ನೀನೇ ಓದು. ಅಪ್ಪ ನನ್ನನ್ನು ಬೈಯುವಾಗ ನೀನು ತಿದಿಯ ಪಕ್ಕದಲ್ಲೇ ನಿಂತಿದ್ದೆ. ಬಲಕ್ಕೆ ಒಂದು ಹೆಚ್ಚು ಎಂದು ನಾನು ಹೇಳಿದ ಕೂಡಲೇ ನಿನಗೆ ಎಲ್ಲಾ ತಿಳಿದಿರಬೇಕು. ನಿನ್ನ ಮುಖ ನನಗೆ ಇನ್ನೂ ಕಾಣುತ್ತದೆ. ಅಪ್ಪನ ಕೈಯಲ್ಲಿ ಇಕ್ಕಳವಿತ್ತು, ನೀನು ಬಾಯಿ ಬಿಡದಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮರುದಿನ ನಾನು ಕೆಂಪಗೆ ಕಾದ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು "ಹೊಡಿ ಯಕ್ಕಾ" ಎಂದೆ. ನೀನು ಬರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಪಟ್ಟಿ ಕಪ್ಪಾಗುವವರೆಗೂ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ನಿನ್ನ ಮದುವೆಯಾಯಿತು. ಹಬ್ಬಕ್ಕೆ ಬಂದೆ, ಬಾಣಂತನಕ್ಕೆ ಬಂದೆ, ಕುಲುಮೆಯೊಳಗೆ ಮಾತ್ರ ಕಾಲಿಡಲಿಲ್ಲ. ಕೈಲಾಗದ ತಮ್ಮನ ಎದುರು ನಿಂತು ಸಮ್ಮಟಿ ಹಿಡಿಯಲು ಅಕ್ಕನಿಗೆ ನಾಚಿಕೆ ಎಂದು ನಾನು ತಿಳಿದೆ. ಇಲ್ಲಿಯವರೆಗೂ ಹಾಗೇ ತಿಳಿದಿದ್ದೆ. ಬಂದ ಕೂಡಲೇ ಅದಲ್ಲ ಎಂದು ಒಂದು ಮಾತು ಹೇಳಿಬಿಡು. ಪಟ್ಟಿ ಆಮೇಲೆ ತೆಗೆದರಾಯಿತು.