ಹದಿನೇಳು ಅರ್ಜ್

ಮಾರ್ಚ್ 3, ಸಂಜೆ 5.10
ಮತ್ತೆ ಬಂತು. ಪಬ್ಬಿನ ಮುಂದೆಯೇ. ದಾಟಿ ಮನೆಗೆ ಬಂದೆ. ಮಾರ್ಗೊ ಕೊಟ್ಟ ಪುಸ್ತಕದಲ್ಲಿ ಗಂಟೆ ಹಾಕಿ 'ಅರ್ಜ್' ಎಂದು ಬರೆದೆ. ಕುಡಿತ ಬಿಡಿಸುವ ಸಲಹೆಗಾರ್ತಿ ಅವಳು. "ಕುಡೀಬೇಕು ಅಂತ ಒಳಗಿಂದ ತಳ್ಳುತ್ತಲ್ಲ ಡೆಸ್, ಅದೇ ಅರ್ಜ್. ಬಂದಾಗೆಲ್ಲ ಬರೀರಿ. ಮುಚ್ಚಿಡಬೇಡಿ."
ಅದು ಅವಳು ಓದುವ ಪುಸ್ತಕ. ಈ ಡೈರಿ ನನ್ನದು, ಇಲ್ಲಿ ಬೈಯಬಹುದು.
ಒಂದು ತಿಂಗಳು ಹನಿ ಮುಟ್ಟದಿದ್ದರೆ, ಮಾರ್ಗೊ ಪತ್ರ ಕೊಟ್ಟರೆ, ಮಗಳು ಜನೆಲ್ ಮೊಮ್ಮಗಳನ್ನು ಒಂದು ಶನಿವಾರ ನನ್ನ ಜೊತೆ ಬಿಡುತ್ತಾಳಂತೆ. ಪಿಪ್ಪಾಗೆ ಕುದುರೆ ತೋರಿಸಬೇಕು.

ಮಾರ್ಚ್ 9
ಬೆನಾಲಾ ಊರಿನ ಕುದುರೆ ರೇಸ್. ಬ್ಲೂಯಿ ಸಿಕ್ಕ. ಮೂವತ್ತು ವರ್ಷ ಒಂದೇ ಲಾಯದಲ್ಲಿ ಕುದುರೆ ಮೈ ತಿಕ್ಕಿದವರು ನಾವು.
"ಒಂದೇ ಗ್ಲಾಸ್ ಕಣೋ. ಏನು, ಪಾದ್ರಿ ಆಗೋದಿದ್ಯಾ?"
"ನೀನೊಬ್ಬ ಅರ್ಜರ್ ಕಣೋ. ಗಂಟಲು ನಂದು, ಚಪಲ ನಿಂದು."
ಮುಖ ಕೆಂಪಾಯಿತು ಅವನಿಗೆ. ರೇಸ್ ಮೈದಾನದಲ್ಲಿ ಅದು ದೊಡ್ಡ ಬೈಗುಳ — ತಾನು ಕಾಸು ಬಿಚ್ಚದೆ, 'ಆ ಕುದುರೆ ಮೇಲೆ ಹಾಕು' ಎಂದು ಪಕ್ಕದವನನ್ನು ತಿವಿಯುವವನು.
ನಿಂಬೆ ಸೋಡಾ ಕುಡಿದೆ. ಪುಸ್ತಕದಲ್ಲಿ ಎರಡು ಸಲ ಬರೆದೆ. ಸುಳ್ಳೇಕೆ.

ಮಾರ್ಚ್ 31
ತಿಂಗಳಾಯಿತು! ಹದಿನೇಳು ಅರ್ಜ್. ಹದಿನೇಳೂ ಗೆದ್ದೆ. ಪುಸ್ತಕ ನೋಡಿ ಮಾರ್ಗೊ ಕೈಕುಲುಕಿದಳು. ಪಿಪ್ಪಾಗೆ ಪುಟ್ಟ ಬೂಟು ಕೊಂಡೆ, ಕೆಂಪು.

ಏಪ್ರಿಲ್ 4
ಜನೆಲ್ ಫೋನ್. ಮಾರ್ಗೊ ಕಳಿಸಿದ ಪತ್ರ ಓದಿದಳು.
"'ತಿಂಗಳಲ್ಲಿ ಹದಿನೇಳು ಸಲ ಅರ್ಜ್ ಬಂದಿದೆ. ಮಗುವನ್ನು ಅವರೊಬ್ಬರ ಜೊತೆ ಬಿಡಬಾರದೆಂದು ಅರ್ಜ್ ಮಾಡುತ್ತೇನೆ.' ಹೀಗಿದೆ ಅಪ್ಪಾ."
"ಒಂದ್ಸಲಾನೂ ಕುಡಿದಿಲ್ಲ ಕಣೇ!"
"ಅದನ್ನೂ ಬರ್ದಿದಾರೆ. ಆದ್ರೆ ಹದಿನೇಳು ಸಲ ಅಪ್ಪಾ... ನಂಗೆ ಭಯ ಆಗುತ್ತೆ."
ಅದೇ ಮಾತು. ನನ್ನ ಬಾಯಲ್ಲಿ ಕಾಯಿಲೆ, ಮಾರ್ಗೊ ಕೈಯಲ್ಲಿ ಕಳಕಳಿಯ ಒತ್ತಾಯ. ನನ್ನ ಹದಿನೇಳು ನನ್ನನ್ನು ಬೀಳಿಸಲಿಲ್ಲ, ಅವಳದೊಂದೇ ಸಾಕಾಯಿತು. ತಾನೇನೂ ಪಣಕ್ಕಿಡಲಿಲ್ಲ, ಕಳೆದುಕೊಂಡವನು ನಾನು. ಮೈದಾನದಲ್ಲಿ ಇವಳಂಥವರಿಗೆ ಹೆಸರಿದೆ.
ಮುಚ್ಚಿಟ್ಟಿದ್ದರೆ ನಾಳೆ ಮಗು ನನ್ನ ಜೊತೆ ಇರುತ್ತಿತ್ತು. ನಿಜ ಬರೆದ ಮುಠ್ಠಾಳ.

ಏಪ್ರಿಲ್ 5, ಶನಿವಾರ, ಸಂಜೆ 5.10
ಕಾರಿನಲ್ಲಿ ಕೂತಿದ್ದೇನೆ, ಪಬ್ಬಿನ ಮುಂದೆ. ಮಾರ್ಗೊ ಪುಸ್ತಕ ಕಸದ ಡಬ್ಬಿ ಸೇರಿತು. ಬೂಟು ಪಕ್ಕದ ಸೀಟಿನಲ್ಲಿದೆ. ಬ್ಲೂಯಿ ನನ್ನನ್ನು ನೋಡಿ ಬಾಗಿಲು ಹಿಡಿದು ನಿಂತಿದ್ದಾನೆ. ಈ ಸಲ ತಿವಿಯುವ ಕೆಲಸ ಅವನಿಗಿಲ್ಲ.
ಹದಿನೆಂಟನೆಯ ಅರ್ಜ್. 5.12 —