ಬಾಡಿ ರೆಡಿ

ಫೆಬ್ರವರಿ 3, 2004. ಮಂಗಳವಾರ, ಬೆಳಿಗ್ಗೆ

ಶಿಫ್ಟ್ ಮುಗಿಸಿ ಬಂದೆ. ಕ್ಯಾಬ್ ಮನೆಯಿರುವ ಉಪ್ಪಲ್ ಮುಟ್ಟುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ರಾತ್ರಿಯಿಡೀ ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಟೈಪ್ ಮಾಡುವ ಕೆಲಸ. ಯಾರದೋ ಗಂಟಲು, ಯಾರದೋ ಮೂತ್ರಕೋಶ...

ಅವ್ವನ ತಂಗಿ ಸುಭದ್ರಾ ಮೌಶಿ ಎದ್ದಿದ್ದಳು. ಎಡ ಮೊಲೆ ತೆಗೆಸಿದಾಗಿನಿಂದ ಸೆರಗು ಎರಡು ಪದರ. ಆಸ್ಪತ್ರೆಗಲ್ಲದೆ ಗೇಟು ದಾಟಿಲ್ಲ. ಹದಿನಾರಕ್ಕೆ ಅವಳ ರಜೆ ಮುಗಿಯುತ್ತದೆ. ಅಂದು ಹೋಗದಿದ್ದರೆ ಶಾಲೆಯವರು ಬೇರೆ ಕನ್ನಡ ಟೀಚರನ್ನು ತೆಗೆದುಕೊಳ್ಳುತ್ತಾರೆ. ಅವಳ ಗಂಡ, ಕಾಕಾ, ಏನೂ ಕೇಳುವುದಿಲ್ಲ. ಚಹಾ ಕುಡಿದು ಫ್ಯಾಕ್ಟರಿಗೆ ಹೋಗುತ್ತಾರೆ.

ನಮ್ಮ ಮಹಿಳಾ ಗುಂಪಿನ ಕರಪತ್ರ ಅರ್ಧ ಆಗಿದೆ. ಹೆಣ್ಣಿನ ಒಳ ಉಡುಪಿನ ಚರಿತ್ರೆ. ರೋಮಿನಲ್ಲಿ ಎದೆಗೆ ಸುತ್ತಿದ ಪಟ್ಟಿ. ಯುರೋಪಿನಲ್ಲಿ ತಿಮಿಂಗಿಲದ ಎಲುಬು ಸೇರಿಸಿ ಹೊಲಿದ ಕಾರ್ಸೆಟ್ — ಉಸಿರು ಕಟ್ಟಿ ಬಿದ್ದರೆ ಅದೇ ನಾಜೂಕು. ತಿರುವಾಂಕೂರಿನಲ್ಲಿ ಉಲ್ಟಾ. ಕೆಳಜಾತಿಯ ಹೆಂಗಸರು ಎದೆ ಮುಚ್ಚುವಂತಿಲ್ಲ. ಮುಚ್ಚುವ ಹಕ್ಕಿಗಾಗಿ ಹೋರಾಡಬೇಕಾಯಿತು. ಕಟ್ಟಿಸಿದವರೂ ಬಿಚ್ಚಿಸಿದವರೂ ಒಂದೇ ಜಾತಿ: ಆಳುವವರು. ಕೊನೆಯ ಸಾಲು ಆಗಲೇ ಬರೆದಿಟ್ಟಿದ್ದೇನೆ — ಕಿತ್ತೊಗೆಯುವುದೊಂದೇ ದಾರಿ.

ಫೆಬ್ರವರಿ 5. ಮಧ್ಯಾಹ್ನ

ಮೌಶಿ ನಿದ್ದೆಯಿಂದ ಎಬ್ಬಿಸಿದಳು.

"ಸಂಯು, ಅಬಿಡ್ಸ್‌ನ್ಯಾಗ ಯಮುನಾಬಾಯಿ ಅಂತ ಟೇಲರ್ ಅದಾಳ. ಒಂದು ಕಡೆ ಒಳಗ ಕಿಸೆ ಇಟ್ಟು ಬಾಡಿ ಹೊಲಿತಾಳಂತ. ಹೇಳಿ ಬಾ."

ಬ್ರಾಗೆ ನಮ್ಮ ಮನೆಯಲ್ಲಿ ಬಾಡಿ ಎಂದೇ ಹೆಸರು.

ಭಾಷಣ ಮಾಡಿದೆ. ಮುಚ್ಚಿಡುವುದೇಕೆ, ನಾಚಿಕೆ ಯಾರದು, ಇದ್ದ ಹಾಗೆಯೇ ಹೋಗು, ನೋಡುವವರು ಕಣ್ಣು ತಗ್ಗಿಸಲಿ. ಕಾರ್ಸೆಟ್ಟೂ ಬಂತು. ಮೌಶಿ ಪೂರ್ತಿ ಕೇಳಿದಳು.

"ಆತಾ? ಈಗ ನನ್ನ ಮಾತು ಕೇಳು. ಒಂದು ಕಡೆ ಭಾರ ಐತಿ, ಒಂದು ಕಡೆ ಇಲ್ಲ. ಕೈ ಎತ್ತಿದ್ರ ವಾಲ್ತೀನಿ. ಬೆನ್ನು ಹಿಡಿತೈತಿ. ನಿನ್ನ ಯುರೋಪಿನ ಹೆಂಗಸರಿಗೆ ದಿನಾ ಬೋರ್ಡ್ ಮ್ಯಾಲ ಕಾಗುಣಿತ ಬರಿಯೋದಿತ್ತೇನು?"

"ಹಂಗಲ್ಲ ಮೌಶಿ..."

"ನಾಚಿಕೀನೂ ಐತಿ. ಇಲ್ಲ ಅನ್ನಂಗಿಲ್ಲ. ಕಿಸೆದಾಗ ಸಾಸಿವಿ ತುಂಬ್ಕೋತೀನಿ. ಹತ್ತಿ ಹಗುರ, ಗದ್ದಕ್ಕ ಏರ್ತೈತಿ. ನಿಮ್ಮ ಕಾಕಾಗ ಹೇಳಬ್ಯಾಡ."

ಫೆಬ್ರವರಿ 7

ಮೌಶಿಯ ಹಳೆಯ ಬಾಡಿಯೊಂದನ್ನು ಯಮುನಾಬಾಯಿಗೆ ಅಳತೆಗೆ ಕೊಟ್ಟು ಬಂದೆ. ಗುಂಪಿನ ಕುಮುದಾ ಫೋನು — ಕರಪತ್ರ ಎಲ್ಲಿ? ಸುಸ್ತು ಎಂದೆ. ನಿಜವೂ ಹೌದು. ಆದರೆ ಮೌಶಿಯನ್ನು ಯಾವ ಕಡೆ ಸೇರಿಸಲಿ? ಕಟ್ಟಿಸುವವರಿಲ್ಲ, ಬಿಚ್ಚಿಸುವವರಿಲ್ಲ. ತಾನಾಗಿ ಕೇಳುತ್ತಿದ್ದಾಳೆ. ಓದಿದ ಯಾವ ಪುಸ್ತಿಕೆಯಲ್ಲೂ ಇವಳಿಲ್ಲ.

ಫೆಬ್ರವರಿ 14. ಶನಿವಾರ

ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಶಿಫ್ಟ್ ಬೇಗ ಹಾಕಿದರು. ಹೊರಡುವಾಗ ಯಮುನಾಬಾಯಿ ಫೋನು — ಹೊಲಿದಾಗಿದೆ, ಇವತ್ತೇ ಒಯ್ಯಿರಿ, ಎರಡು ದಿನ ಅಂಗಡಿ ಇಲ್ಲ. ಗಂಡನ ಹತ್ತಿರ ಎಂಥ ಗುಟ್ಟು, ಅವರೇ ತರಲಿ ಎಂದುಕೊಂಡೆ. ಅದೂ ಒಂದು ತತ್ವ. ಕ್ಯಾಬಿನಿಂದ ಕಾಕಾಗೆ ಮೆಸೇಜ್. ಮೊಬೈಲಿನಲ್ಲಿರುವುದು ಇಂಗ್ಲಿಷ್ ಅಕ್ಷರ, ಇಂಗ್ಲಿಷಿನಲ್ಲೇ ಬರೆದೆ: ಮೌಶಿಯ ಬಾಡಿ ರೆಡಿ ಇದೆ, ಅಬಿಡ್ಸ್‌ಗೆ ಹೋಗಿ ತೆಗೆದುಕೊಳ್ಳಿ. ಅಂಗಡಿಯ ಹೆಸರು ಬರೆಯಲು ಮರೆತೆ. ಆಮೇಲೆ ಫೋನು ಆಫೀಸಿನ ಲಾಕರಿನಲ್ಲಿ.

ಕಾಕಾ ಹತ್ತಿರ ಕನ್ನಡಕ ಇರಲಿಲ್ಲ. ಜೊತೆ ಕೆಲಸದ ಉಪೇಂದ್ರ ಓದಿದರಂತೆ. ಓದಿ ಕಾಕಾನ ಹೆಗಲ ಮೇಲೆ ಕೈ ಇಟ್ಟರಂತೆ. ಯಾವ ಆಸ್ಪತ್ರೆ ಎಂದು ಕೇಳಲು ನನಗೆ ಫೋನು ಮಾಡಿದ್ದಾರೆ, ನಾನು ಎತ್ತಿಲ್ಲ. ಮನೆಯ ಫೋನು ನಾಲ್ಕು ದಿನದಿಂದ ಡೆಡ್.

ಕಾಕಾನ ಹಿಂದೆ ಫ್ಯಾಕ್ಟರಿಯ ಐದು ಜನ ಮನೆಗೆ ಬಂದರು. ಒಬ್ಬರ ಕೈಯಲ್ಲಿ ಹೂಮಾಲೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ಮೌಶಿ ಬಾಗಿಲು ತೆರೆದಳು.

"ಯಾರು ಹೋದ್ರು?"

ಕಾಕಾ ಹೊಸ್ತಿಲ ಮೇಲೆ ಕೂತು ಅತ್ತರು. ಆಪರೇಷನ್ ದಿನವೂ ಅಳದವರು. ಉಪೇಂದ್ರ ಮೆಸೇಜ್ ತೋರಿಸಿದರು. ಬಾಡಿ ಎಂದರೆ ಯಾವುದು, ಕಿಸೆ ಯಾಕೆ, ಸಾಸಿವೆ ಯಾಕೆ — ಆರು ಗಂಡಸರಿಗೆ ಮೌಶಿಯೇ ಬಿಡಿಸಿ ಹೇಳಬೇಕಾಯಿತು.

ಇವತ್ತು ಬೆಳಿಗ್ಗೆ ನನಗೆ ಹೇಳಿದ್ದು ಇಷ್ಟೇ. "ಇದನ್ನೂ ಛಾಪಿಸಿ ಹಂಚು ಹೋಗು. ಕಾಲನಿಗಂತೂ ಗೊತ್ತಾತು. ಸಾಲಿಗೆ ನಾ ಹೋಗಂಗಿಲ್ಲ."

ತಪ್ಪಾಯಿತು ಎಂದೆ. ಗೋಡೆ ಕಡೆ ಹೊರಳಿದಳು.

ಫೆಬ್ರವರಿ 15. ಭಾನುವಾರ, ಸಂಜೆ

ಕಾಕಾ ಟೇಲರಮ್ಮನ ವಿಳಾಸ ಕೇಳಿದರು. ಅಂಗಡಿ ಮುಚ್ಚಿರುತ್ತದೆ ಎಂದೆ. "ಮನಿ ಇರ್ತೈತಲ್ಲ" ಎಂದು ಹೊರಟರು. ಸಂಜೆ ಬಂದು ಪೇಪರಿನಲ್ಲಿ ಸುತ್ತಿದ್ದನ್ನು ಮೌಶಿಯ ಮುಂದಿಟ್ಟರು. ಪಕ್ಕಕ್ಕೆ ಎರಡು ಪೊಟ್ಟಣ.

"ಸಣ್ಣ ಸಾಸಿವಿನೋ ದಪ್ಪಂದೋ ಗೊತ್ತಾಗಲಿಲ್ಲ. ಎರಡೂ ತಂದೀನಿ."

"ಉಳಿದದ್ದು ಒಗ್ಗರಣಿಗಾತು" ಎಂದಳು ಮೌಶಿ. ನಗಲಿಲ್ಲ. ಆದರೆ ಒಳಗೆ ಒಯ್ದಳು.

ಶಾಲೆಯ ಮಾತು ಯಾರೂ ಎತ್ತಲಿಲ್ಲ. ಕರಪತ್ರದ ಕೊನೆಯ ಸಾಲು ಹೊಡೆದುಹಾಕಿದೆ. ಆ ಜಾಗಕ್ಕೆ ಏನು ಬರೆಯಬೇಕೋ... ತಲೆ ಓಡುತ್ತಿಲ್ಲ.

ಫೆಬ್ರವರಿ 16. ಸೋಮವಾರ, ಬೆಳಿಗ್ಗೆ

ಮೌಶಿಯ ಕೋಣೆಯ ಬಾಗಿಲು ಹಾಕಿದೆ. ಕಾಕಾ ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ಒಳಗಿನಿಂದ ಸಾಸಿವೆ ಸುರಿಯುವ ಸದ್ದು. ನಿಂತಿತು. ಮತ್ತೆ ಸ್ವಲ್ಪ.

ಹಿಂದಿನ ಹುಕ್ಕು ಹಾಕಲು ಕರೆದಳು. ಹಾಕಿ ಬಂದೆ. ಎರಡು ದಿನದ ಮೇಲೆ ನನ್ನ ಜೊತೆ ಮಾತು.

"ಎರಡೂ ಸಮ ಅದಾವೇನು ನೋಡು."

"ಎಡಗಡೀದು ತುಸು ಕೆಳಗೈತಿ."

"ಮದ್ಲೂ ಹಂಗ ಇತ್ತು."

ಕಾಕಾ ಹಾರ್ನ್ ಹೊಡೆದರು. "ತಡೀರಿ, ಸೀರಿ ಉಡಾಕತ್ತೀನಿ" ಎಂದು ಒಳಗಿನಿಂದಲೇ ಕೂಗಿದಳು. ನೆರಿಗೆ ಹಿಡಿಯಲು ನನ್ನನ್ನು ಕರೆಯು—